ಕೆರೆ ಏರಿಯ ಮೇಲೆ ತಡೆದ ಹಡಗು

ಮಂಡ್ಯ ಜಿಲ್ಲೆಗೆ ಸಮುದ್ರವೂ ಇಲ್ಲ, ಬಂದರಂತೂ ಇಲ್ಲವೇ ಇಲ್ಲ. ಹಾಗಿದ್ದೂ ನಾನಿಲ್ಲಿ ಒಂದು ಹಡಗನ್ನು ತಡೆದು ನಿಲ್ಲಿಸಿದ್ದೇನೆ ಎಂದರೆ ಇಲಾಖೆಯ ಗೆಳೆಯರು ನಗುತ್ತಾರೆ. ನಗಲಿ. ಅದು ಲಾರಿಯ ಮೇಲೆ ಬಂದ ಹಡಗು, ತಡೆದದ್ದು ಕೆರೆ ಏರಿಯ ಮೇಲೆ, ಮತ್ತು ನಿಜ ಹೇಳಬೇಕೆಂದರೆ ಕೊನೆಗೆ ತಡೆದವನು ನಾನೂ ಅಲ್ಲ.

ಮೀನುಗಾರಿಕೆ ಇಲಾಖೆಯಲ್ಲಿ ಮಳವಳ್ಳಿ ಕಡೆಗೆ ವರ್ಗವಾಗುವ ಮೊದಲು ನಾನು ಕರಾವಳಿಯಲ್ಲಿದ್ದೆ. ಅಲ್ಲಿ ಒಮ್ಮೆ ಹೊರದೇಶದ ಹಡಗೊಂದನ್ನು ಬಂದರಿನೊಳಕ್ಕೆ ಬಿಡದೆ ದೂರದಲ್ಲೇ ಲಂಗರು ಹಾಕಿಸಿದ್ದನ್ನು ದಡದಲ್ಲಿ ನಿಂತು ನೋಡಿದ್ದೆ. ಸರಕಿನಲ್ಲಿ ಯಾವುದೋ ಕೀಟ ಇದೆಯೆಂಬ ಅನುಮಾನವಿತ್ತಂತೆ. ಅಷ್ಟು ದೊಡ್ಡ ಹಡಗು, ಅಷ್ಟೊಂದು ಸರಕು, ಕಣ್ಣಿಗೆ ಕಂಡೂ ಕಾಣದ ಒಂದು ಹುಳಕ್ಕಾಗಿ ನೀರಿನ ಮೇಲೆ ಸುಮ್ಮನೆ ತೂಗುತ್ತಾ ನಿಂತಿತ್ತು. ರೋಗವನ್ನೋ ಕೀಟವನ್ನೋ ಕಳೆಯನ್ನೋ ಹೊತ್ತು ತಂದವರಿಗೆ ‘ಒಳಗೆ ಬರಬೇಡಿ’ ಎನ್ನುವ ಅಧಿಕಾರ ಸರ್ಕಾರಕ್ಕಿದೆ ಎಂದು ಓದಿಕೊಂಡಿದ್ದೆ. ಅದು ಕೆಲಸ ಮಾಡುವುದನ್ನು ಕಂಡದ್ದು ಅವತ್ತೇ, ಮತ್ತು ನನಗೆ ಅದು ಬಹಳ ಹಿಡಿಸಿತ್ತು.

ಈಗ ನಮ್ಮ ಕೆರೆಯ ಮಾತು. ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಿಂದ ಕೊಂಚ ಒಳಗಿರುವ ದೊಡ್ಡ ಕೆರೆ ಅದು. ಊರಿನ ಮೀನುಗಾರರ ಸಂಘ ಅಲ್ಲಿ ಮೀನು ಸಾಕಿ ಹಿಡಿದು ಬದುಕುತ್ತದೆ. ಆ ವರ್ಷ ಕೆರೆಯ ಮೇಲೆ ಅಂತರಗಂಗೆಯ ಕಳೆ ಎಷ್ಟು ದಟ್ಟವಾಗಿ ಹಬ್ಬಿತ್ತೆಂದರೆ ಕೊಕ್ಕರೆಗಳು ಅದರ ಮೇಲೆ ನೆಲದ ಮೇಲೆ ನಡೆದ ಹಾಗೆ ನಡೆಯುತ್ತಿದ್ದವು. ಕೆಳಗೆ ಹಿಂದಿನ ಮಳೆಗಾಲದಲ್ಲಿ ಬಿಟ್ಟ ಕಟ್ಲಾ, ರೋಹು ಚೆನ್ನಾಗಿ ಬೆಳೆದು ನಿಂತಿದ್ದವು. ಅಂತರಗಂಗೆಯ ಚಾಪೆ ನೀರಿಗೆ ಗಾಳಿ ಬಿಸಿಲು ತಾಕದಂತೆ ಮುಚ್ಚಿಬಿಟ್ಟರೆ ಮೀನಿಗೆ ಉಸಿರು ಕಟ್ಟುತ್ತದೆ. ಮೋಡ ಮುಚ್ಚಿದ ದಿನಗಳಲ್ಲಿ ಬೆಳಗಾದರೆ ಮೀನುಗಳು ಮೇಲೆದ್ದು ಬಾಯಿ ಬಿಡುತ್ತಿದ್ದವು. ಸಂಘದ ಇಡೀ ವರ್ಷದ ದುಡಿಮೆ ಆ ಬಾಯಿಗಳಲ್ಲಿತ್ತು.

ಸಂಘದ ಅಧ್ಯಕ್ಷರು ಎಪ್ಪತ್ತರ ಹತ್ತಿರದ ಮನುಷ್ಯ. ಮಂಡಿನೋವು ಬಂದ ಮೇಲೆ ತೆಪ್ಪ ಹಾಕುವುದನ್ನು ಬಿಟ್ಟಿದ್ದರು, ಬೈಯುವುದನ್ನು ಬಿಟ್ಟಿರಲಿಲ್ಲ. ಅವರು ತಿಂಗಳುಗಟ್ಟಲೆ ಮಂಡ್ಯದ ಕಚೇರಿಗಳ ಮೆಟ್ಟಿಲು ಸವೆಸಿ ಕಳೆ ತೆಗೆಯುವ ಯಂತ್ರವನ್ನು ಮಂಜೂರು ಮಾಡಿಸಿಕೊಂಡಿದ್ದರು. ಯಂತ್ರವೆಂದರೆ ಅದೂ ಒಂದು ಹಡಗೇ: ಎರಡು ಕಬ್ಬಿಣದ ತೇಲುಗೂಡು, ಪಕ್ಕದಲ್ಲಿ ನೀರು ತಳ್ಳುವ ಚಕ್ರ, ಮುಂದೆ ಕತ್ತರಿಸುವ ಅಲಗು, ಕತ್ತರಿಸಿದ್ದನ್ನು ಮೇಲೆಳೆದುಕೊಳ್ಳುವ ಜಾಲರಿಯ ಬೆಲ್ಟು. ಹೊರರಾಜ್ಯದ ಹಿನ್ನೀರಿನಲ್ಲಿ ಕೆಲಸ ಮುಗಿಸಿ ನೇರ ಇಲ್ಲಿಗೆ ಬಂದಿತ್ತು. ನಡೆಸುವವನು ಮಾತ್ರ ಮದ್ದೂರಿನವನೇ, ಮೂವತ್ತು ದಾಟಿದ, ಕೈಕೆಲಸದಲ್ಲೂ ಬಾಯಲ್ಲೂ ಚುರುಕಾದ ಆಪರೇಟರ್.

ನನ್ನನ್ನು ಕರೆದದ್ದು ಯಂತ್ರ ನೀರಿಗಿಳಿಸುವ ಪೂಜೆಗೆ, ತಪಾಸಣೆಗಲ್ಲ. ಆದರೆ ಕರಾವಳಿಯ ಚಾಳಿ ಬಿಡಲಿಲ್ಲ. ಪೂಜೆಗೆ ಇನ್ನೂ ಹೊತ್ತಿತ್ತು, ಟಾರ್ಚ್ ಹಿಡಿದು ಯಂತ್ರ ಹೊತ್ತು ನಿಂತಿದ್ದ ಲಾರಿ ಹತ್ತಿದೆ. ಜಾಲರಿಯ ಸಂದಿನಲ್ಲಿ ಒಣಗಿದ ಕಳೆ ಸಿಕ್ಕಿಕೊಂಡಿತ್ತು, ಅದು ಸಹಜ. ತೇಲುಗೂಡಿನ ಮುಚ್ಚಳವೊಂದನ್ನು ತೆಗೆಸಿ ಬೆಳಕು ಬಿಟ್ಟೆ. ಒಳಗೆ ಒಂದು ಗೇಣು ನೀರು ನಿಂತಿತ್ತು, ಆ ನೀರಿನಲ್ಲಿ ಹಸಿರು ಎಳೆಗಳು ಜೀವಂತವಾಗಿದ್ದವು. ಬೀಸಣಿಗೆಯ ಹಾಗೆ ಸೀಳಿಕೊಂಡ ಸಣ್ಣ ಸಣ್ಣ ಎಲೆ, ತುದಿಯಲ್ಲಿ ನಸುಗೆಂಪು.

ಅದು ನೀರಿನೊಳಗೇ ಬೆಳೆಯುವ ಕಳೆ. ಹೂ ಬಿಟ್ಟರೆ ಹಳ್ಳ ತೋಡೆಲ್ಲ ಗುಲಾಬಿ ಬಣ್ಣವಾಗುತ್ತದೆ, ಜನ ಫೋಟೊ ತೆಗೆಸಿಕೊಳ್ಳಲು ಬರುತ್ತಾರೆ. ಒಂದು ಗೆಣ್ಣು ಮುರಿದು ಬಿದ್ದರೂ ಅದರಿಂದ ಮತ್ತೊಂದು ಗಿಡ. ಅಂತರಗಂಗೆಯನ್ನಾದರೂ ಮೇಲಿನಿಂದ ಎಳೆದು ಹಾಕಬಹುದು. ಇದು ತಳದಲ್ಲಿ ಬೇರೂರಿ ಬಲೆಯನ್ನೇ ಎಳೆಯಲಾಗದ ಹಾಗೆ ಮಾಡುತ್ತದೆ, ಕತ್ತರಿಸಿದಷ್ಟೂ ತುಂಡಾಗಿ ಹರಡುತ್ತದೆ. ಈ ಕೆರೆಯ ಕೋಡಿ ಬಿದ್ದರೆ ನೀರು ಮುಂದಿನ ಕೆರೆಗೆ ಹೋಗುತ್ತದೆ, ಅಲ್ಲಿಂದ ಹಳ್ಳ ಹಿಡಿದು ಶಿಂಷಾ ನದಿಗೆ.

ಆಪರೇಟರ್ ಕೆಳಗಿನಿಂದ ಕೂಗಿದ: “ಏನ್ ಸಾರ್ ಅಷ್ಟೊಂದು ನೋಡ್ತಿದ್ದೀರಾ? ಕಳೆ ತಗ್ಯೋ ಮಿಸಿನ್ನಲ್ಲಿ ಕಳೆ ಇಲ್ದೆ ಮಲ್ಲಿಗೆ ಊವ ಇರ್ತದಾ?”

“ಇದು ನಮ್ಮ ಕಡೆ ಕಳೆಯಲ್ಲಪ್ಪಾ. ಯಂತ್ರ ನೀರಿಗೆ ಇಳಿಯೋ ಹಾಗಿಲ್ಲ.”

“ಕಳೆಗೂ ಯಾವೂರು ಅಂತ ಕೇಳ್ತಾರಾ ಸಾರ್? ಕ್ರೇನು ಬಂದು ನಿಂತದೆ. ಇವತ್ತು ಇಳಿಸ್ದೆ ಓದ್ರೆ ನಮ್ ಓನರು ನನ್ನ ಇಳಿಸ್ತಾನೆ.”

ಅಧ್ಯಕ್ಷರು ಹೆಗಲ ಮೇಲಿನ ಟವೆಲ್ ಕೊಡವಿ ಹತ್ತಿರ ಬಂದರು. “ಸಾ, ಒಟ್ಟೆ ಅಸ್ದೋನ ಮುಂದೆ ಎಲೆ ಆಕ್ಬುಟ್ಟು, ಎಲೆ ಸರಿಗಿಲ್ಲ ಅಂತ ಎಳ್ಕೊಂಡಂಗಾಯ್ತು ನಿಮ್ ಕಥೆ. ಮೀನು ಸಾಯ್ತಾ ಅವೆ. ಅದು ಕಾಣ್ಸಕ್ಕಿಲ್ವಾ?”

ಕಾಣಿಸುತ್ತಿತ್ತು. ಅದೇ ಕಷ್ಟ. ಯಂತ್ರ ಇಳಿಯದಿದ್ದರೆ ಈ ವರ್ಷದ ಮೀನು ಹೋಗುತ್ತದೆ. ಇಳಿದರೆ ಕೆರೆಯೇ ಹೋಗುತ್ತದೆ. ಮತ್ತು ‘ಇಳಿಸಬೇಡ’ ಎನ್ನಲು ನಾನು ಯಾರು? ಬಂದರಿನಲ್ಲಾದರೆ ಅಧಿಕಾರಿ ಇದ್ದಾನೆ, ಕಾನೂನಿದೆ, ಲಂಗರು ಹಾಕಲು ಜಾಗವಿದೆ. ಇಲ್ಲಿ ಕೆರೆ ಒಂದು ಇಲಾಖೆಯದು, ಮೀನು ನಮ್ಮದು, ಯಂತ್ರದ ಗುತ್ತಿಗೆ ಮೂರನೆಯವರದು.

ಸಿಗ್ನಲ್ ಸಿಗುವುದು ಕೋಡಿಯ ಹತ್ತಿರ ಮಾತ್ರ. ಅಲ್ಲಿಯವರೆಗೆ ನಡೆದು ಒಬ್ಬೊಬ್ಬರಿಗೇ ಫೋನು ಮಾಡಿದೆ. ಕೆರೆಯ ಇಲಾಖೆಯವರು, “ನೀರು ನಮ್ಮದು ಸರ್, ಅದರ ಮೇಲೆ ಓಡಾಡೋದು ನಮಗೆ ಬರಲ್ಲ” ಎಂದರು. ಗುತ್ತಿಗೆಯವರು, “ಮಷಿನ್ ಸ್ಟಾರ್ಟ್ ಆಗುತ್ತಲ್ವಾ? ಮತ್ತೇನು?” ಎಂದರು. ನನ್ನ ಮೇಲಧಿಕಾರಿ ನಿಮ್ಮ ಹಂತದಲ್ಲೇ ಬಗೆಹರಿಸಿಕೊಳ್ಳಿ ಎಂದು ಕರೆ ಮುಗಿಸಿದರು. ಇನ್ನುಳಿದದ್ದು ತಹಶೀಲ್ದಾರರು. ಒಂದೆರಡು ಸಭೆಗಳಲ್ಲಿ ಮಾತ್ರ ನೋಡಿದ್ದ ಹೆಣ್ಣುಮಗಳು. ನಾನು ಹೇಳಿದ್ದನ್ನು ಕೇಳಿಸಿಕೊಂಡು, “ಅಲ್ಲೇ ಇರಿ, ಬರ್ತೀನಿ” ಎಂದರು. ನನಗೆ ನಂಬಿಕೆ ಬರಲಿಲ್ಲ.

ವಾಪಸ್ಸು ಬರುವಷ್ಟರಲ್ಲಿ ಅನಾಹುತ ನಡೆದಿತ್ತು. ನಮ್ಮ ಕಡೆ ಹೊಸ ಎತ್ತು ಬರಲಿ, ಟ್ರ್ಯಾಕ್ಟರ್ ಬರಲಿ, ಮೊದಲು ಕೆರೆಯ ನೀರಿನಲ್ಲಿ ಮೈ ತೊಳೆಯಬೇಕು, ಆಮೇಲೆಯೇ ಅರಿಶಿನ ಕುಂಕುಮ. ಧೂಳು ಹೊತ್ತ ಮೈಗೆ ಯಾರೂ ಪೂಜೆ ಮಾಡುವುದಿಲ್ಲ. ಯಂತ್ರ ಇಳಿಸಬೇಡಿ ಎಂದು ನಾನು ಹೇಳಿದ್ದೆ, ತೊಳೆಯಬೇಡಿ ಎಂದು ಹೇಳಬೇಕೆಂದು ಹೊಳೆದೇ ಇರಲಿಲ್ಲ. ಸಂಘದವರು ಲಾರಿಯನ್ನು ಕೆರೆಗಿಳಿಯುವ ಸೋಪಾನದ ಅಂಚಿಗೆ ತಂದು, ಕೊಡ ಕೊಡ ನೀರು ಎತ್ತಿ ಭಕ್ತಿಯಿಂದ ಯಂತ್ರದ ಮೈ ತೊಳೆಯುತ್ತಿದ್ದರು. ಕೆಸರು ನೀರು ಮೆಟ್ಟಿಲ ಮೇಲಿಂದ ಇಳಿದು ಕೆರೆ ಸೇರುತ್ತಿತ್ತು. ಅದರಲ್ಲಿ ಹಸಿರು ಚೂರುಗಳಿದ್ದವು.

ನಾನು ಕೂಗಿಕೊಂಡು ಓಡಿದೆ. ಸಭ್ಯ ಮಾತು ಒಂದೂ ಬಾಯಿಗೆ ಬರಲಿಲ್ಲ. ಕೊಡ ಹಿಡಿದವರು ಬೆಪ್ಪಾಗಿ ನಿಂತರು. ಅಧ್ಯಕ್ಷರು ಮೆಟ್ಟಿಲಿಳಿದು ನೀರಿನಿಂದ ಒಂದು ಎಳೆ ಎತ್ತಿ ಅಂಗೈ ಮೇಲೆ ಹರಡಿಕೊಂಡರು. “ಇದೇನಾ ಸಾ?” ಎಂದರು. ಹೌದೆಂದೆ. ಅವರು ನನ್ನ ಮುಖವನ್ನೂ ಎಳೆಯನ್ನೂ ಒಮ್ಮೆ ನೋಡಿ, ತಿರುಗಿ ತಮ್ಮವರ ಮೇಲೆ ಗುಡುಗಿದರು.

“ಏನ್ ಬಾಯ್ ಬುಟ್ಕೊಂಡ್ ನಿಂತಿದ್ದೀರ್ಲಾ! ಮರಿ ಬಲೆ ತಕ್ಕೊಂಡ್ ಬನ್ನಿ. ಬಿದಿರು ತನ್ನಿ. ಈ ಮೂಲೆ ಕಟ್ಟಾಕಿ!”

ಮರಿ ಬಲೆಯೆಂದರೆ ಮೀನುಮರಿಗಳನ್ನು ಕೂಡಿಡುವ, ಸೊಳ್ಳೆಪರದೆಯಷ್ಟು ಸಣ್ಣ ಕಣ್ಣಿನ ಬಟ್ಟೆಬಲೆ. ನಾನಾಗಿದ್ದರೆ ಅದನ್ನು ತರಿಸಲು ಪತ್ರ ಬರೆಯುತ್ತಿದ್ದೆನೇನೋ. ನಾನು ನೋಡನೋಡುತ್ತಿದ್ದಂತೆ ಗಂಡಸರು ಎದೆಮಟ್ಟ ನೀರಿಗಿಳಿದು ಗಳ ಹುಗಿದರು, ಬಲೆಯ ಅಂಚಿಗೆ ಕಲ್ಲು ಕಟ್ಟಿ ತಳದವರೆಗೆ ಇಳಿಬಿಟ್ಟರು. ಸೋಪಾನದ ಆ ಮೂಲೆ ಕೆರೆಯಿಂದ ಬೇರೆಯಾಯಿತು. ಪೂಜೆಗೆಂದು ರೇಷ್ಮೆ ಸೀರೆ ಉಟ್ಟು ಬಂದಿದ್ದ ಹೆಂಗಸರು ನೆರಿಗೆ ಎತ್ತಿ ಕಟ್ಟಿ, ರಾಗಿ ಜರಡಿ ಹಿಡಿದು ಮೆಟ್ಟಿಲ ಮೇಲೆ ಸಾಲಾಗಿ ಕೂತು ನೀರು ಸೋಸತೊಡಗಿದರು. ಸಿಕ್ಕ ಚೂರುಗಳನ್ನು ಒಣ ನೆಲಕ್ಕೆ ಒಯ್ದು ಸುಟ್ಟರು. ತಪ್ಪು ಮಾಡಿದ ಕೈಗಳೇ ಅದನ್ನು ಅಷ್ಟು ಬೇಗ, ಅಷ್ಟು ಅಚ್ಚುಕಟ್ಟಾಗಿ ತಿದ್ದುವುದನ್ನು ನಾನು ನೌಕರಿಯಲ್ಲಿ ಬೇರೆಲ್ಲೂ ಕಂಡಿಲ್ಲ.

ತಹಶೀಲ್ದಾರರು ಬಂದೇಬಿಟ್ಟರು. ಜೀಪಿನಿಂದ ಇಳಿದವರು ಯಂತ್ರ ನೋಡಿದರು, ಬಲೆ ನೋಡಿದರು. ಯಾವ ಕಾನೂನು, ಹಿಂದೆ ಯಾರು ಮಾಡಿದ್ದಾರೆ ಎಂದು ಕೇಳಬಹುದೆಂದು ನಾನು ಉತ್ತರ ಹೊಂದಿಸಿಕೊಳ್ಳುತ್ತಿದ್ದೆ. ಅವರು ಕೇಳಿದ್ದು ಒಂದೇ.

“ಇದು ಕೆರೆ ಒಳಗೆ ಹೋದ್ರೆ ಆಮೇಲೆ ತೆಗೆಯೋಕೆ ಆಗುತ್ತಾ?”

“ಆಗಲ್ಲ ಮೇಡಂ.”

“ಹಾಗಾದ್ರೆ ನಿಲ್ಲಿಸೋಣ.”

ಸಾರ್ವಜನಿಕ ಹಿತದೃಷ್ಟಿಯಿಂದ ಯಂತ್ರವನ್ನು ನೀರಿಗಿಳಿಸಬಾರದು, ಸ್ವಚ್ಛವಾಗಿದೆ ಎಂದು ಮೀನುಗಾರಿಕೆ ಅಧಿಕಾರಿ ಲಿಖಿತವಾಗಿ ಹೇಳುವವರೆಗೂ ನೀರಿನಿಂದ ದೂರ ಇಡಬೇಕು ಎಂದು ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಬರೆದರು. ಬರೆಯುತ್ತಲೇ, “ಅಧ್ಯಕ್ಷರೇ, ನನ್ನ ಮೇಲೆ ಸಿಟ್ಟಾ?” ಎಂದರು.

“ಸಿಟ್ಟು ಇರ್ದೆ ಇರ್ತದಾ ತಾಯಿ? ಇರ್ಲಿ, ಬರೀರಿ.”

ಮೂರು ಇಲಾಖೆಗಳು ನುಣುಚಿಕೊಂಡ ಕೆಲಸಕ್ಕೆ ಆ ಹೆಣ್ಣುಮಗಳು ಹೆಗಲು ಕೊಟ್ಟಿದ್ದರು. ಆ ಆದೇಶವನ್ನು ಯಾರಾದರೂ ಪ್ರಶ್ನಿಸಿದ್ದರೆ ಉತ್ತರ ಹೇಳಬೇಕಾಗಿದ್ದವರು ಅವರೇ.

ತಡೆದದ್ದಾಯಿತು, ಆದರೆ ಸ್ವಚ್ಛ ಮಾಡುವುದು ಹೇಗೆ? ಇಂಥ ಕಳೆ ಸಾಯಬೇಕೆಂದರೆ ಒಣಗಬೇಕು ಇಲ್ಲವೇ ಬೇಯಬೇಕು. ಒಣಗಲು ಬಿಸಿಲೇ ಇರಲಿಲ್ಲ. ಇಡೀ ಯಂತ್ರಕ್ಕಾಗುವಷ್ಟು ಬಿಸಿನೀರು ಎಲ್ಲಿಂದ ತರುವುದು ಎಂದು ನಾನು ಗೊಣಗಿದೆ. ಅಧ್ಯಕ್ಷರು ನನ್ನನ್ನು ಕರುಣೆಯಿಂದ ನೋಡಿ, ಕೆರೆಯ ಆಚೆಗೆ ಗದ್ದೆಗಳ ನಡುವೆ ಹೊಗೆಯಾಡುತ್ತಿದ್ದ ಆಲೆಮನೆಯತ್ತ ಗಲ್ಲ ಎತ್ತಿದರು. ಅದು ಅವರ ಭಾಮೈದನದು.

ಲಾರಿ ಆಲೆಮನೆಯ ಅಂಗಳಕ್ಕೆ ಹೋಯಿತು. ಕಬ್ಬಿನ ಹಾಲು ಕುದಿಯುವ ಕೊಪ್ಪರಿಗೆಯಲ್ಲಿ ಬೋರ್‌ವೆಲ್ ನೀರು ತುಂಬಿ, ಕಬ್ಬಿನ ಸಿಪ್ಪೆ ಒಟ್ಟಿ ಉರಿ ಹಾಕಿದರು. ಸುರಿದ ನೀರು ಕೆರೆ ಕಡೆಗೆ ಹರಿಯದಂತೆ ಅಂಗಳದ ಸುತ್ತ ಬದು ಹಾಕಿ ಗುಂಡಿ ತೋಡಿಸಿದೆ. ಬಕೆಟ್ಟುಗಳಲ್ಲಿ ಕುದಿನೀರು ಹೊತ್ತು ಯಂತ್ರದ ಮೇಲೆ ಸುರಿದರು. ಬೆಲ್ಲದ ವಾಸನೆಯ ಹಬೆಯಲ್ಲಿ ನಾವೆಲ್ಲ ಮಿಂದೆವು. ಭಾಮೈದ ಮಾತ್ರ ತನ್ನ ಕೊಪ್ಪರಿಗೆಗೆ ಗ್ರೀಸು ತಾಗುತ್ತದೆಂದು ಮುಖ ಊದಿಸಿಕೊಂಡು ಉರಿ ಒಟ್ಟುತ್ತಿದ್ದ.

ಅತ್ತ ಮೀನುಗಳ ಗತಿ? ಸಂಘದವರು ಎರಡು ಪಾಳಿ ಮಾಡಿಕೊಂಡರು. ಒಂದು ಪಾಳಿ ಆಲೆಮನೆಗೆ, ಇನ್ನೊಂದು ತೆಪ್ಪ ಹತ್ತಿ ಕೆರೆಗೆ. ಕುಡುಗೋಲಿನಿಂದ ಅಂತರಗಂಗೆ ಕತ್ತರಿಸಿ, ಹಗ್ಗ ಹಾಕಿ ದಡಕ್ಕೆಳೆದು, ಚಾಪೆಯ ನಡುವೆ ಓಣಿ ಬಿಡಿಸತೊಡಗಿದರು. ಗಾಳಿ ಬಂದರೆ ಓಣಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು, ಅವರು ಮತ್ತೆ ಬಿಡಿಸುತ್ತಿದ್ದರು. ಆದರೂ ಬೆಳಗ್ಗೆ ದಡದಲ್ಲಿ ಸತ್ತ ಮೀನು ಬಿದ್ದಿರುತ್ತಿದ್ದವು. ಅವನ್ನು ದಾಟಿಕೊಂಡೇ ನಾನು ಆಲೆಮನೆಗೆ ಹೋಗಬೇಕಿತ್ತು.

ಕೆಲವು ದಿನಗಳ ನಂತರ ಯಂತ್ರ ಸಿದ್ಧವಾಗಿದೆ ಎಂದರು. ಮೇಲೆಲ್ಲ ಬಟ್ಟೆಯಿಂದ ಒರೆಸಿದಂತಿತ್ತು. ಕ್ರೇನು ಮತ್ತೆ ಬಂದಿತ್ತು. ನನ್ನ ಜೇಬಿನಲ್ಲಿ ಪೆನ್ನು ಸಿದ್ಧವಾಗಿತ್ತು, ಸಹಿ ಹಾಕಿಬಿಡಬೇಕೆಂದು ನನಗೇ ಆಸೆಯಿತ್ತು. ಕೊನೆಯ ಸಲವೆಂದು ಬೆಲ್ಟಿನ ಕೆಳಗೆ ಅಂಗಾತ ಮಲಗಿ ಟಾರ್ಚ್ ಬಿಟ್ಟೆ. ಉರುಳೆ ಕೂರುವ ತಗಡಿನ ಹಿಂದೆ, ಕುದಿನೀರು ತಲುಪದ ಸಂದಿನಲ್ಲಿ, ಒದ್ದೆ ಕೆಸರಿನಿಂದ ಒಂದು ಚಿಗುರು ಹೊರಟಿತ್ತು. ಕಿರುಬೆರಳಿನುದ್ದವೂ ಇರಲಿಲ್ಲ. ಬಿಟ್ಟ ಎಲೆ ಎಷ್ಟು ಚೆಂದವಾಗಿತ್ತೆಂದರೆ ನನಗೆ ಅಳು ಬರುವಂತಾಯಿತು.

ಈಚೆ ತೆವಳಿ ಬಂದು ಅದನ್ನು ಅಧ್ಯಕ್ಷರ ಕೈಗೆ ಕೊಟ್ಟೆ. ಸುತ್ತ ನಿಂತ ಸಂಘದವರಲ್ಲಿ ಗುಜುಗುಜು ಎದ್ದಿತು. ಒಬ್ಬ ಮುಂದೆ ಬಂದು, “ಇಷ್ಟುದ್ದಕ್ಕೆ ಏನ್ ಸಾರ್? ಕಿತ್ತಾಕಿ, ಇಳಿಸ್ಬುಡಿ. ಇವತ್ತೂ ಒಂದು ಬುಟ್ಟಿ ಮೀನು ಸತ್ತವೆ” ಎಂದ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಧ್ಯಕ್ಷರು ಅಲ್ಲೇ ಕಬ್ಬಿನ ಕಂತೆಯ ಮೇಲೆ ಕೂತರು. ಬಹಳ ಹೊತ್ತು ಚಿಗುರನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಸುಮ್ಕಿರ್ಲಾ,” ಎಂದರು, ಮೊದಲ ಸಲ ದನಿ ಎತ್ತದೆ. “ಈ ಅಂತರಗಂಗೆ ನಮ್ ಕೆರೆಗೆ ಬಂದಿದ್ ನಾನು ನೋಡಿವ್ನಿ. ಒಂದೇ ಗಿಡ. ನೀಲಿ ಊವ ಬುಟ್ಕೊಂಡು ತೇಲ್ತಾ ಇತ್ತು. ಕಿತ್ ಬಿಸಾಕಕ್ಕೆ ಒಂದ್ ಕೈ ಸಾಕಾಗಿತ್ತು. ಊವ ಚಂದಾಗದೆ ಅಂದ್ಬುಟ್ಟು ತೆಪ್ಪ ಬಳಸ್ಕೊಂಡು ಓದೆ.” ಚಿಗುರನ್ನು ಒಲೆಯ ಬಾಯಿಗೆ ಎಸೆದರು. “ಮೀನುಮರಿ ಬರೋ ವರ್ಸನೂ ಬುಡ್ಬೋದು. ಕೆರೆ ಎಲ್ಲಿಂದ ತತ್ತೀರಿ? ಇನ್ನೊಂದ್ ಕಿತ ಬೇಯ್ಸಿ.”

ಸತ್ತ ಮೀನನ್ನು ಬೆಳಗ್ಗೆ ಕೈಯಾರೆ ಆಯ್ದು ಹೂತು ಬಂದ ಮನುಷ್ಯ ಆ ಮಾತು ಹೇಳಿದ್ದರು. ನಾನು ಆದೇಶ ತೋರಿಸಿ ಅದನ್ನೇ ಹೇಳಿದ್ದರೆ ಅಲ್ಲಿ ಜಗಳವಾಗುತ್ತಿತ್ತು.

ಮೊದಲು ಎದ್ದವನು ಆಪರೇಟರ್. ಅಷ್ಟು ದಿನ ಗೊಣಗಿಕೊಂಡೇ ಇದ್ದವನು ಸ್ಪ್ಯಾನರ್ ಚೀಲ ಬಿಚ್ಚಿ, “ಮೇಲೆ ಮೇಲೆ ಸುರಿದ್ರೆ ಆಗಕ್ಕಿಲ್ಲ ಸಾರ್. ಪೂರ್ತಿ ಬಿಚ್ಚಾಕ್ಬುಡ್ತೀನಿ” ಎಂದ. ಅಂಥ ಕೈಕೆಲಸವನ್ನು ನೋಡುವುದೇ ಒಂದು ಸುಖ. ಬೆಲ್ಟನ್ನು ಕೊಂಡಿ ಕೊಂಡಿಯಾಗಿ ಕಳಚಿ, ಜಾಲರಿಯ ತುಂಡುಗಳನ್ನು ಸರಪಳಿಗೆ ಕಟ್ಟಿ ಕೊಪ್ಪರಿಗೆಗೆ ಇಳಿಬಿಟ್ಟ. ಉರುಳೆಗಳನ್ನೂ ಹಾಗೆಯೇ ಮುಳುಗಿಸಿದ. ತೇಲುಗೂಡುಗಳ ಮುಚ್ಚಳ ತೆಗೆದು, ಪಂಪಿಗೆ ಪೈಪು ಸಿಕ್ಕಿಸಿ, ಕುದಿನೀರು ಒಳಗೆ ತುಂಬಿ ನಿಲ್ಲಿಸಿ ಆಮೇಲೆ ಖಾಲಿ ಮಾಡಿದ. ಕೊಪ್ಪರಿಗೆಯಿಂದ ಜಾಲರಿ ಎತ್ತುವಾಗ, “ಮದ್ದೂರು ವಡೆನೂ ಇಷ್ಟ್ ಚೆನ್ನಾಗಿ ಬೇಯಕ್ಕಿಲ್ಲ, ನೋಡಿ ಸಾರ್” ಎಂದ. ಭಾಮೈದ ಕೂಡ ನಕ್ಕುಬಿಟ್ಟ. ಮತ್ತೆ ಜೋಡಿಸುವ ಮೊದಲು ಒಂದೊಂದು ತುಂಡನ್ನೂ ಆಪರೇಟರೇ ನನ್ನ ಮುಂದೆ ಹಿಡಿದು, ನಾನು ತಲೆಯಾಡಿಸಿದ ಮೇಲೆ ಪಕ್ಕಕ್ಕಿಡುತ್ತಿದ್ದ.

ಆಮೇಲೆ ನಾನು ಸಹಿ ಹಾಕಿದೆ. ಯಂತ್ರ ನೀರಿಗಿಳಿಯಿತು. ಪೂಜೆಗೆ ಮುಂಚೆ ಯಾರೂ ಅದರ ಮೈ ತೊಳೆಯಲಿಲ್ಲ, ಅರಿಶಿನ ಕುಂಕುಮ ಇಟ್ಟು ಕಾಯಿ ಒಡೆದರು. ಕೆರೆಯ ನೀರು ವಾರ ವಾರಕ್ಕೂ ಅಗಲವಾಗುತ್ತಾ ಬಂತು. ತೆಪ್ಪದವರು ಬಿಡಿಸಿದ ಓಣಿಗಳಿಂದಾಗಿ ಅರ್ಧಕ್ಕಿಂತ ಹೆಚ್ಚು ಮೀನು ಉಳಿದಿದ್ದವು, ಮಿಕ್ಕವು ಹೋಗಿದ್ದವು. ಹೋದದ್ದರ ಬಗ್ಗೆ ಸಂಘದವರು ನನ್ನೆದುರು ಒಮ್ಮೆಯೂ ಮಾತೆತ್ತಲಿಲ್ಲ. ಸೋಪಾನದ ಮೂಲೆಯ ಬಲೆಯನ್ನು ನಾನು ಸಾಕೆಂದ ಮೇಲೂ ಬಹಳ ಕಾಲ ತೆಗೆಯಲಿಲ್ಲ. ದನ ತೊಳೆಯಲು ಬಂದವರು ಕೂಡ ಅತ್ತ ಕಡೆ ಕಣ್ಣು ಹಾಯಿಸಿ ಹೋಗುತ್ತಿದ್ದರು. ಅಲ್ಲಿ ಏನೂ ಚಿಗುರಲಿಲ್ಲ.

ಕೆಲಸ ಮುಗಿದ ದಿನ ನಾನು ಬೇರೆ ಯಾವುದೋ ಕಾರಣಕ್ಕೆ ಆ ಕಡೆ ಹೋಗಿದ್ದೆ. ಯಂತ್ರ ಲಾರಿ ಹತ್ತಿತ್ತು. ಮಂಡ್ಯದ ಆಚೆ ಇನ್ನೊಂದು ಕೆರೆಯಲ್ಲಿ ಮರುದಿನವೇ ಕೆಲಸವಂತೆ. ಏರಿಯ ಮೇಲೆ ಲಾರಿ ನಿಂತೇ ಇತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ಹತ್ತಿರ ಹೋಗಿ ನೋಡಿದರೆ, ದಾರಿಗೆ ಅಡ್ಡಲಾಗಿ ಮಂಡಿ ಹಿಡಿದುಕೊಂಡು ಅಧ್ಯಕ್ಷರು ಕಲ್ಲಿನ ಮೇಲೆ ಕೂತಿದ್ದರು.

“ಬುಡಿ ಯಜಮಾನ್ರೇ, ಒತ್ತಾಯ್ತು,” ಎಂದು ಆಪರೇಟರ್ ಅಂಗಲಾಚುತ್ತಿದ್ದ. “ಆ ಕೆರೆ ತುಂಬಾನೂ ಕಳೆನೇ ಅದೆ. ಅಲ್ಲಿ ಯಾರೂ ಏನೂ ಕೇಳಕ್ಕಿಲ್ಲ.”

“ಕೇಳಕ್ಕಿಲ್ಲ ಅಂತ್ಲೇ ಕಣ್ಲಾ ನಾನು ಕೂತಿರಾದು. ಅಲ್ಲಿಗೆ ಒಬ್ಬ ಸಾಯೇಬ್ರು ಟಾರ್ಚ್ ಇಡ್ಕೊಂಡ್ ಬತ್ತಾರೋ ಇಲ್ವೋ. ನಮ್ ಕೆರೆ ಗಲೀಜು ಇನ್ನೊಬ್ರ ಕೆರೆಗೆ ಓಗ್ಬಾರ್ದು.”

ಆಪರೇಟರ್ ನನ್ನ ಕಡೆ ತಿರುಗಿದ. ತಹಶೀಲ್ದಾರರ ಆದೇಶ ಕೆರೆಗೆ ಇಳಿಯುವುದನ್ನು ತಡೆದಿತ್ತು, ಹೊರಗೆ ಹೋಗುವುದರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಹಡಗು ಒಳಗೆ ಬರುವುದನ್ನಷ್ಟೇ ತಡೆಯಬೇಕೆಂದು ನಾನು ಕಲಿತದ್ದು. ನಮ್ಮಿಂದ ಹೊರಡುವ ಹಡಗು ಇನ್ನೊಬ್ಬರ ಬಂದರಿಗೆ ಹೋಗಿ ಸೇರುತ್ತದೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ನಾನು ಹೋಗಿ ಅಧ್ಯಕ್ಷರ ಪಕ್ಕದಲ್ಲಿ ಕೂತೆ.

ಆಪರೇಟರ್ ನಮ್ಮಿಬ್ಬರನ್ನೂ ನೋಡಿದ, ತಲೆ ಕೆರೆದುಕೊಂಡ, ಲಾರಿ ಹತ್ತಿ ಸ್ಪ್ಯಾನರ್ ಚೀಲ ಕೆಳಗೆ ತಂದ. “ಸರಿ ಬುಡಿ. ಒಲೆ ಅತ್ಸಕ್ಕೆ ಏಳಿ ಮತ್ತೆ.”

“ಅತ್ಸಿದ್ದಾಯ್ತು ಕಣ್ಲಾ,” ಎಂದರು ಅಧ್ಯಕ್ಷರು, ನನ್ನ ಭುಜ ಹಿಡಿದು ಮೇಲೇಳುತ್ತಾ. “ಆಲೆಮನೆಲಿ ನೀರು ಕುದೀತಾ ಅದೆ, ನಡಿ.”